ಜೂನ್ ಒಂದರಂದು ಹುಟ್ಟಿದವನು

ಆ ತಾರೀಕನ್ನು ಬರೆದವಳು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ಜಾರಿಕೊಳ್ಳುವ ಬುದ್ಧಿ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತೈದನೇ ಇಸವಿಯ ಜೂನ್. ಗುಬ್ಬಿ ತಾಲ್ಲೂಕು ಚೇಳೂರು ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಶಾಲೆಗೆ ಇದ್ದವರೇ ಇಬ್ಬರು, ನಾನು ಮತ್ತು ಒಬ್ಬ ಮೇಷ್ಟ್ರು. ದಾಖಲಾತಿಯ ದಿನ ಬಾಗಿಲಲ್ಲಿ ತಾಯಂದಿರ ಸಾಲು, ಸೆರಗು ಹಿಡಿದು ಅಳುವ ಮಕ್ಕಳು, ನನ್ನ ಮುಂದೆ ದಾಖಲಾತಿ ರಿಜಿಸ್ಟರು. ಅದರಲ್ಲಿ ಜನ್ಮ ದಿನಾಂಕದ ಕಾಲಂ, ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ.

ಯಾವ ತಾಯಿಗೂ ತಾರೀಕು ಗೊತ್ತಿರುತ್ತಿರಲಿಲ್ಲ. "ರಾಗಿ ಕುಯ್ಯೋವಾಗ ಹುಟ್ಟಿದ್ದು", "ಕೆರೆ ಕೋಡಿ ಬಿದ್ದ ವರ್ಷ" ಅನ್ನುತ್ತಿದ್ದರು. ಇಲಾಖೆಗೆ ಕೋಡಿ ಬಿದ್ದ ವರ್ಷ ಬೇಕಿಲ್ಲ. ಜೂನ್ ಒಂದಕ್ಕೆ ಮಗುವಿಗೆ ಇಷ್ಟು ವಯಸ್ಸಾಗಿರಬೇಕು ಅನ್ನುವುದು ಅದರ ನಿಯಮ. ಆದ್ದರಿಂದ ನಾವು ಮೇಷ್ಟ್ರುಗಳೆಲ್ಲ ಮಾಡುತ್ತಿದ್ದುದು ಒಂದೇ ಕೆಲಸ: ಸೇರುವ ವರ್ಷದಿಂದ ಆರು ಕಳೆದು 'ಜೂನ್ ಒಂದು' ಎಂದು ಬರೆದುಬಿಡುವುದು. ನನ್ನ ಶಾಲೆಯ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಅವತ್ತು ಒಬ್ಬ ತಾಯಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದಳು. ದೊಡ್ಡವನ ತಾರೀಕು ಅವಳಿಗೆ ಬಾಯಿಪಾಠವಾಗಿತ್ತು. ಗಂಡ ಪಂಚಾಂಗದ ಹಿಂದೆ ಬರೆದಿಟ್ಟಿದ್ದನಂತೆ, ಅರವತ್ತೊಂಬತ್ತರ ಜನವರಿ. ಬರೆದೆ. ಚಿಕ್ಕವನನ್ನು ಸೇರಿಸುವ ಯೋಚನೆ ಅವಳಿಗೇ ಇರಲಿಲ್ಲ. ಆದರೆ ಅವನು ಅಣ್ಣನ ಚಡ್ಡಿ ಹಿಡಿದುಕೊಂಡು ಬಿಡಲೊಲ್ಲ.

"ಇವ್ನಿಗಿನ್ನೂ ಐದೂ ತುಂಬಿಲ್ಲ ಟೀಚರಮ್ಮ. ಆದ್ರೂ ಸೇರಿಸ್ಕೊಂಬುಡಿ. ನಾನ್ ಹೊಲದ್ ತಾವ ಹೋದ್ರೆ ಮನೇಲಿ ನೋಡ್ಕಳೋರಿಲ್ಲ" ಅಂದಳು.

ಒಂದನೇ ತರಗತಿಗೆ ಮಕ್ಕಳ ಸಂಖ್ಯೆ ಕಡಿಮೆಯಿತ್ತು, ನನಗೂ ಬೇಕಿತ್ತು. ಅರವತ್ತೊಂಬತ್ತು, ಜೂನ್ ಒಂದು. ಬರೆದು ಮುಂದಿನವರನ್ನು ಕರೆದೆ. ಒಂದೇ ತಾಯಿಯ ಇಬ್ಬರು ಮಕ್ಕಳ ನಡುವೆ ನಾಲ್ಕೂವರೆ ತಿಂಗಳು ಅಂತರ ಇಟ್ಟಿದ್ದೇನೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ಮಕ್ಕಳ ತಂದೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಕಲಿತು, ಎಪ್ಪತ್ತೊಂದರ ಮೊದಲಲ್ಲಿ, ಚಿಕ್ಕವನು ಇನ್ನೂ ಹಸುಗೂಸಾಗಿದ್ದಾಗ, ಇಂಗ್ಲೆಂಡಿಗೆ ಹೋಗಿದ್ದ. ಅಲ್ಲಿನ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ. ಲಂಡನ್ ಅವನಿದ್ದ ಊರಿಗೆ ಎಷ್ಟೋ ದೂರ, ಆದರೂ ನಮ್ಮ ಹಳ್ಳಿಯವರು ಆ ತಾಯಿಯನ್ನು 'ಲಂಡನ್ನಮ್ಮ' ಎಂದು ಗೇಲಿ ಮಾಡುತ್ತಿದ್ದರು. ಎಪ್ಪತ್ತೆಂಟರಲ್ಲಿ ಅವನು ಒಂದು ಮನೆ ಮಾಡಿಕೊಂಡು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ. ಮಕ್ಕಳ ವಯಸ್ಸಿಗೆ ಶಾಲೆಯ ಪ್ರಮಾಣಪತ್ರ ಬೇಕೆಂದರು. ನಾನೇ ರಿಜಿಸ್ಟರ್ ನೋಡಿ, ಒಳ್ಳೆಯ ಕೈಬರಹದಲ್ಲಿ ಎರಡು ಪತ್ರ ಬರೆದು, ಮೊಹರು ಒತ್ತಿ ಕೊಟ್ಟೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಶಾಯಿ ಒಣಗಿಸಿದವಳಿಗೆ ಆಗಲೂ ಕಣ್ಣು ಕಾಣಲಿಲ್ಲ.

ಕಾಣಿಸಿದ್ದು ಮದ್ರಾಸಿನಲ್ಲಿ ಕೂತಿದ್ದ ಇಂಗ್ಲೆಂಡ್ ಸರ್ಕಾರದ ವೀಸಾ ಅಧಿಕಾರಿಗೆ. ಎಪ್ಪತ್ತೊಂಬತ್ತರ ಮಧ್ಯದಲ್ಲಿ ತಾಯಿ ಮಕ್ಕಳನ್ನು ಸಂದರ್ಶನಕ್ಕೆ ಕರೆದರು. ತಾಯಿಯನ್ನೊಂದು ಕೋಣೆಯಲ್ಲಿ, ಚಿಕ್ಕವನನ್ನೊಂದು ಕೋಣೆಯಲ್ಲಿ ಕೂರಿಸಿ ಇಬ್ಬರಿಗೂ ಒಂದೇ ಥರದ ಪ್ರಶ್ನೆಗಳನ್ನು ಕೇಳಿದರಂತೆ. ಮನೆಯ ಬಾಗಿಲು ಯಾವ ದಿಕ್ಕಿಗೆ? ಎಮ್ಮೆ ಎಷ್ಟು? ತಾಯಿ ಎರಡು ಅಂದಳು, ಹುಡುಗ ಮೂರು ಅಂದ. ಕರುವನ್ನೂ ಸೇರಿಸಿದ್ದ. ಒಂದು ತಿಂಗಳಿಗೆ ಕಾಗದ ಬಂತು. ತಾಯಿಗೂ ದೊಡ್ಡವನಿಗೂ ಅನುಮತಿ, ಚಿಕ್ಕವನಿಗೆ ಇಲ್ಲ. ಜನವರಿಯಲ್ಲಿ ಹೆತ್ತ ಹೆಂಗಸು ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ಮಗುವನ್ನು ಹೆರಲು ಸಾಧ್ಯವಿಲ್ಲ, ಆದ್ದರಿಂದ ಇವನು ಇವಳ ಮಗನಲ್ಲ, ಯಾರೋ ನೆಂಟರ ಹುಡುಗನನ್ನು ಮಗನೆಂದು ತೋರಿಸಿ ಒಳಗೆ ಸಾಗಿಸುವ ಪ್ರಯತ್ನ ಎಂದು ಬರೆದಿದ್ದರು.

ಇಂಗ್ಲಿಷ್ ಓದಲು ಬರುತ್ತಿದ್ದುದು ನನಗೊಬ್ಬಳಿಗೇ, ಕಾಗದವನ್ನು ನನ್ನ ಹತ್ತಿರವೇ ತಂದರು. ಓದಿದೆ. ರಿಜಿಸ್ಟರ್ ತೆಗೆದೆ. ನನ್ನದೇ ಅಕ್ಷರ.

"ಏನಂತವ್ರೆ ಟೀಚರಮ್ಮ?"

"ಚಿಕ್ಕವನು ನಿಮ್ಮ ಮಗ ಅಲ್ವಂತೆ."

ಅವಳು ನಕ್ಕುಬಿಟ್ಟಳು. "ಅಯ್ಯೋ, ಇನ್ಯಾರ್ ಮಗನಂತೆ?" ಅಂದಳು. ನಾನು ನಗದೇ ಇದ್ದುದನ್ನು ನೋಡಿದ ಮೇಲೆ ಅವಳ ಮುಖ ಇಳಿಯಿತು. ಮಗನನ್ನು ಬಿಟ್ಟು ತಾನು ಹೋಗುವ ಮಾತೇ ಇಲ್ಲ ಎಂದು ಅಲ್ಲೇ, ಶಾಲೆಯ ಜಗಲಿಯ ಮೇಲೆ ಹೇಳಿಬಿಟ್ಟಳು.

ನಾನು ಅವನ ತಂದೆಗೆ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಅವನು ನನ್ನನ್ನು ಬಯ್ಯಬಹುದಿತ್ತು, ಬಯ್ಯಲಿಲ್ಲ. 'ಇಲ್ಲಿ ಈಗಷ್ಟೇ ಚುನಾವಣೆ ಮುಗಿದಿದೆ ಮೇಡಂ. ಹೊರಗಿನಿಂದ ಬರುವವರ ಸಂಖ್ಯೆ ಇಳಿಸುತ್ತೇವೆ ಅಂತ ಗೆದ್ದವರು ಜನಕ್ಕೆ ಮಾತು ಕೊಟ್ಟಿದ್ದಾರೆ. ಸೋತವರೂ ಅಧಿಕಾರದಲ್ಲಿದ್ದಾಗ ಓಟು ಹೋದೀತೆಂಬ ಭಯಕ್ಕೆ ಇದನ್ನೇ ಸದ್ದಿಲ್ಲದೆ ಮಾಡುತ್ತಿದ್ದರು. ನನ್ನ ಪಕ್ಕದ ಮೆಷಿನ್ನಿನವನು ದಿನಾ ನನ್ನ ಬುತ್ತಿಯ ಚಿತ್ರಾನ್ನ ತಿನ್ನುತ್ತಾನೆ. ಅವನೂ ಅವರಿಗೇ ಓಟು ಹಾಕಿದನಂತೆ. ಯಾಕಯ್ಯಾ ಅಂದರೆ, ನಿನ್ನನ್ನಲ್ಲ, ಉಳಿದವರನ್ನು ಅಂದ' ಎಂದು ಬರೆದಿದ್ದ.

ಆ ಕಾಗದ ಓದಿದ ಮೇಲೆ ನನಗೆ ವಿಷಯ ಅರ್ಥವಾಯಿತು, ಅರ್ಥವಾದ ಮೇಲೆ ಮೈ ಉರಿಯಿತು. ಅಲ್ಲಿ ನೆಲೆಸಿದವರ ಹೆಂಡತಿ ಮಕ್ಕಳು ಬರಬಹುದು ಅನ್ನುವುದು ಅವರ ಕಾನೂನಿನಲ್ಲೇ ಇದೆ. ಅದನ್ನು ತೆಗೆದುಹಾಕುತ್ತೇವೆ ಎಂದು ಎದ್ದುನಿಂತು ಹೇಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಆದರೆ ಜನರಿಗೆ ಇಳಿದ ಅಂಕಿ ತೋರಿಸಬೇಕು. ಎಲ್ಲಿಂದ ಇಳಿಸುವುದು? ಹೆಂಡತಿಯನ್ನು ಹೆಂಡತಿಯಲ್ಲ ಅನ್ನು, ಮಗನನ್ನು ಮಗನಲ್ಲ ಅನ್ನು. ಅಲ್ಲಿನ ಮತಪೆಟ್ಟಿಗೆಯ ಲೆಕ್ಕ ಸರಿಹೋಗಲು ನನ್ನ ಶಾಲೆಯ ಐದನೇ ತರಗತಿಯಿಂದ ಒಬ್ಬನನ್ನು ಕಳೆದರು. ಕಳೆಯಲು ಕತ್ತರಿ ಒದಗಿಸಿಕೊಟ್ಟವಳು ನಾನು.

ನನ್ನ ಜೊತೆಯ ಮೇಷ್ಟ್ರು ಕೇಳಿದರು, "ಅಲ್ಲ ಮೇಡಂ, ನಮ್ ಗುಬ್ಬಿಗೆ ಹೊರಗಿನವ್ರು ಬಂದು ತುಂಬ್ಕೊಂಡ್ರೆ ನಾವ್ ಸುಮ್ನಿರ್ತೀವಾ? ಅವ್ರ ದೇಶ, ಅವ್ರಿಷ್ಟ."

"ಬಾಗ್ಲು ಹಾಕ್ಕೊಳೋದಾದ್ರೆ ಹಾಕ್ಕೊಳ್ಲಿ ಮೇಷ್ಟ್ರೆ. ಹಾಕಿದೀವಿ ಅಂತ ಹೇಳ್ಲಿ. ಬಾ ಅಂತ ಕರ್ದು, ಬಂದವ್ಳನ್ನ ನೀನ್ ಹೆತ್ತಿಲ್ಲ ಅನ್ನೋದು ಯಾವ ಸೀಮೆ ನ್ಯಾಯ?" ಅಂದೆ. ಅವರು ಗಂಟೆ ಹೊಡೆಯಲು ಎದ್ದುಹೋದರು.

ಮೇಲ್ಮನವಿ ಹಾಕಲು ಅವಕಾಶವಿತ್ತು. ಅದಕ್ಕೆ ಸಾಕ್ಷ್ಯ ಬೇಕು. ನಾನು ಬಸ್ ಹತ್ತಿ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ, ತಾರೀಕು ತಿದ್ದಲು ಅನುಮತಿ ಕೇಳಿದೆ. ಕೋರ್ಟಿನ ಡಿಕ್ರಿ ಇಲ್ಲದೆ ದಾಖಲಾತಿ ರಿಜಿಸ್ಟರಿನ ಒಂದು ಅಕ್ಷರವನ್ನೂ ಮುಟ್ಟುವಂತಿಲ್ಲ ಎಂದರು. ಅಲ್ಲಿದ್ದ ಹಳೆಯ ಗುಮಾಸ್ತರೊಬ್ಬರು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಬಂದು ದನಿ ತಗ್ಗಿಸಿದರು.

"ಯಾಕ್ ತಲೆ ಕೆಡಿಸ್ಕೊಳ್ತೀರಿ ಮೇಡಂ. ಹಳೇ ರಿಜಿಸ್ಟರ್‌ಗೆ ಗೆದ್ಲು ಹಿಡೀತು ಅಂತ ಒಂದ್ ರಿಪೋರ್ಟ್ ಹಾಕಿ. ಹೊಸದನ್ನ ನಿಮ್ ಕೈಲೇ ಬರೀರಿ. ಚಿಕ್ಕೋನ್ಗೆ ಯಾವ ತಾರೀಕ್ ಬೇಕೋ ಆ ತಾರೀಕ್ ಹಾಕಿ. ಎಲ್ರೂ ಮಾಡೋದೇ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಾಲೆಯ ಗೋಡೆಯಲ್ಲಿ ನಿಜವಾಗಿಯೂ ಗೆದ್ದಲಿತ್ತು. ಎರಡು ಸಂಜೆ ಹೊಸ ರಿಜಿಸ್ಟರ್ ಮುಂದಿಟ್ಟುಕೊಂಡು ಕೂತೆ. ಮೊದಲ ಪುಟದ ಗೆರೆಯನ್ನೂ ಎಳೆದೆ. ಆಮೇಲೆ ಒಂದು ಯೋಚನೆ ಬಂತು. ಮೊದಲಿನ ಪ್ರಮಾಣಪತ್ರ ಮದ್ರಾಸಿನವರ ಫೈಲಿನಲ್ಲೇ ಇದೆ. ಅದೇ ಶಾಲೆಯಿಂದ, ಅದೇ ಕೈಬರಹದಲ್ಲಿ ಬೇರೆ ತಾರೀಕು ಹೋದರೆ, ನೋಡಿ ಇವರೆಲ್ಲ ಕಳ್ಳರು ಎಂದು ಹೇಳಲು ಅವರಿಗೆ ಇನ್ನೇನು ಬೇಕು? ಹುಡುಗನ ಕೇಸು ಅಲ್ಲಿಗೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಮೇಲೇ ನನಗೆ ಸಿಟ್ಟು ಬಂತು. ಒಂದು ಸುಳ್ಳು ಬರೆದು ಹುಡುಗನನ್ನು ಹಾಳು ಮಾಡಿದ್ದು ಸಾಲದೇ?

ತುಮಕೂರಿಗೆ ಹೋಗಿ ನೋಟರಿಯ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿದೆ. ಈ ಹುಡುಗನ ಜನ್ಮ ದಿನಾಂಕ ನನಗೆ ಗೊತ್ತಿರಲಿಲ್ಲ, ದಾಖಲಾತಿ ನಿಯಮಕ್ಕೆ ಹೊಂದಲೆಂದು ನಾನೇ ಕಲ್ಪಿಸಿ ಬರೆದೆ, ನನ್ನ ಶಾಲೆಯ ಹೆಚ್ಚಿನ ಮಕ್ಕಳಿಗೂ ಹೀಗೇ ಬರೆದಿದ್ದೇನೆ, ಅವನ ತಾಯಿ ಅವನಿಗೆ ಐದು ತುಂಬಿಲ್ಲವೆಂದು ಅವತ್ತೇ ಹೇಳಿದ್ದಳು. ಜೊತೆಗೆ ಆ ವರ್ಷದ ರಿಜಿಸ್ಟರಿನ ಪುಟದ ನಕಲು. ಸಾಲಾಗಿ ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ಕುರುಡನಿಗೂ ಗೊತ್ತಾಗಬೇಕು.

ಅದರ ಒಂದು ಪ್ರತಿಯನ್ನು ಇಲಾಖೆಗೂ ಕೊಟ್ಟೆ, ಕದ್ದುಮುಚ್ಚಿ ಮಾಡುವ ಇಷ್ಟ ಇರಲಿಲ್ಲ. ಇಲಾಖೆ ತಡಮಾಡಲಿಲ್ಲ. ವಿಚಾರಣೆ ನಡೆಸಿದರು. ನಡೆಸಿದ ಅಧಿಕಾರಿಗಳೂ ಮೇಷ್ಟ್ರಾಗಿ ಬಂದವರೇ, ಅವರೂ ಎಷ್ಟು ಜೂನ್ ಒಂದು ಬರೆದಿದ್ದರೋ. "ಬರೆಯೋದ್ ಬರೀತೀವಿ, ಅದನ್ನ ಯಾರಾದ್ರೂ ಬರ್ದು ಕೊಡ್ತಾರೇನಮ್ಮ?" ಅಂದರು. ನನ್ನ ಸೇವಾ ಪುಸ್ತಕದಲ್ಲಿ ಛೀಮಾರಿ ಬಿತ್ತು. ಕುಣಿಗಲ್ ತಾಲ್ಲೂಕಿಗೆ ವರ್ಗ. ನಾನು ರಾಗಿ ರೊಟ್ಟಿ ಕಟ್ಟಿಕೊಂಡು ಎರಡು ಬಸ್ ಬದಲಾಯಿಸಿ ಓಡಾಡತೊಡಗಿದೆ.

ಮೇಲ್ಮನವಿಯ ತೀರ್ಪು ಎಂಬತ್ತೊಂದರಲ್ಲಿ ಬಂತು. ಆ ಸಾಲುಗಳು ನನಗೆ ಇವತ್ತಿಗೂ ಬಾಯಿಗೆ ಬರುತ್ತವೆ. ತಾನೇ ದಾಖಲೆಗಳನ್ನು ಕಲ್ಪಿಸಿ ಬರೆಯುತ್ತೇನೆಂದು ಒಪ್ಪಿಕೊಂಡಿರುವ ಮುಖ್ಯೋಪಾಧ್ಯಾಯಿನಿಯ ಹೇಳಿಕೆಗೆ ಯಾವ ಬೆಲೆಯನ್ನೂ ಕೊಡಲಾಗದು ಎಂದು ಬರೆದಿದ್ದರು. ನಾನು ಸುಳ್ಳು ಬರೆದಾಗ ಅಕ್ಷರಶಃ ನಂಬಿದರು. ನಿಜ ಬರೆದಾಗ ಸುಳ್ಳುಗಾರ್ತಿ ಅಂದರು. ಅವತ್ತು ನಾನು ತರಗತಿಯಲ್ಲಿ ಒಂದು ಮಗುವನ್ನು ಕಾರಣವಿಲ್ಲದೆ ಗದರಿಬಿಟ್ಟೆ. ಆ ನಾಚಿಕೆ ಇನ್ನೂ ಇದೆ.

ಆದರೆ ಕುಣಿಗಲ್‌ಗೆ ಹಾಕಿದ್ದರಿಂದ ಒಂದು ಉಪಕಾರವಾಯಿತು. ಆ ತಾಯಿಯ ತವರು ಕುಣಿಗಲ್ ಪಟ್ಟಣ. ಎರಡನೇ ಹೆರಿಗೆಯೂ ತವರಿನಲ್ಲೇ, ಸರ್ಕಾರಿ ಆಸ್ಪತ್ರೆಯಲ್ಲಿ ಆಗಿತ್ತು. ಹಾಗಿದ್ದರೆ ಜನನ ರಿಜಿಸ್ಟರಿನಲ್ಲಿ ಇರಲೇಬೇಕು. ಶಾಲೆ ಬಿಟ್ಟ ಮೇಲೆ ಜನನ ನೋಂದಣಿ ಕಚೇರಿಗೆ ಹೋಗಿ ಕೂತು ಹಳೆಯ ಪುಸ್ತಕಗಳನ್ನು ತಿರುವಿದೆ. ಒಂಬತ್ತನೇ ದಿನ ಸಿಕ್ಕಿತು. ಎಪ್ಪತ್ತನೇ ಇಸವಿಯ ನವೆಂಬರ್. ಗಂಡು ಮಗು, ತಾಯಿಯ ಹೆಸರು, ತಿಳಿಸಿದವರು ತಾಯಿಯ ತಂದೆ. ಮಗುವಿನ ಹೆಸರಿನ ಕಾಲಂ ಖಾಲಿ.

ಖಾಲಿ ಇರದೆ ಇನ್ನೇನು? ಹೆರಿಗೆಯಾದ ವಾರಕ್ಕೆ ತಾತ ಹೋಗಿ ಬರೆಸಿದ್ದಾನೆ. ಹೆಸರಿಡುವುದು ಮೂರು ತಿಂಗಳಿಗೆ, ಗಂಡನ ಮನೆಯಲ್ಲಿ, ಸೋದರತ್ತೆ ಕಿವಿಯಲ್ಲಿ ಹೇಳಿದ ಮೇಲೆ. ಆಮೇಲೆ ಇಲ್ಲಿಗೆ ಬಂದು ಕಾಲಂ ತುಂಬಿಸುವ ಪದ್ಧತಿ ಯಾರ ಮನೆಯಲ್ಲೂ ಇರಲಿಲ್ಲ. ಇಷ್ಟನ್ನೂ ವಿವರವಾಗಿ ಬರೆದು, ದೃಢೀಕೃತ ನಕಲು ಲಗತ್ತಿಸಿ, ಮತ್ತೆ ಅರ್ಜಿ ಹಾಕಿಸಿದೆ. ಹೆಸರಿಲ್ಲದ ಮಗುವಿನ ದಾಖಲೆ ಈ ಹುಡುಗನದೇ ಎಂದು ನಂಬಲು ಆಧಾರವಿಲ್ಲ ಎಂಬ ಉತ್ತರ ಬಂತು. ಶಾಲೆಯ ತಾರೀಕು ತಿದ್ದಿಸಲೆಂದು ತಾಯಿಯ ಕೈಲಿ ಕೋರ್ಟಿನಲ್ಲಿ ಹೂಡಿಸಿದ್ದ ದಾವೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಕೂತಿತ್ತು.

ಎಂಬತ್ತೆರಡರಲ್ಲಿ ದೊಡ್ಡವನು ಒಬ್ಬನೇ ಹೋದ. ಅವನ ಅನುಮತಿಯೂ ಕೈತಪ್ಪಬಾರದೆಂದು ತಂದೆ ಹಟ ಹಿಡಿದಿದ್ದ. ತುಮಕೂರಿನಿಂದ ಹೊರಟಿದ್ದ ಒಂದು ಸಂಸಾರದ ಜೊತೆ ಕಳಿಸಿಕೊಟ್ಟರು. ಗುಬ್ಬಿಯ ಬಸ್ ನಿಲ್ದಾಣದಲ್ಲಿ ಚಿಕ್ಕವನು ಅಳಲಿಲ್ಲ. ಅಣ್ಣನ ಟ್ರಂಕನ್ನು ತಾನೇ ಏಣಿ ಹತ್ತಿ ಬಸ್ಸಿನ ಮೇಲಿಟ್ಟು ಇಳಿದು, "ಮುಂದಿನ್ ವರ್ಷ ನಾನ್ ಬತ್ತೀನಲ್ಲಾ, ಅಳ್ಬ್ಯಾಡ ಕಣೋ" ಎಂದು ಅವನೇ ಅಣ್ಣನಿಗೆ ಸಮಾಧಾನ ಹೇಳಿದ. ತಾಯಿ ಬಸ್ಸಿನ ಕಿಟಕಿಗೆ ಕೈ ಹಾಕಿಕೊಂಡು ಸ್ವಲ್ಪ ದೂರ ನಡೆದಳು.

ಮುಂದಿನ ವರ್ಷ ಅಲ್ಲಿ ಇನ್ನೊಂದು ಚುನಾವಣೆ ಬಂತು, ಅದೇ ಮಾತು, ಅದೇ ಭರವಸೆ. ಸಂಖ್ಯೆ ಅಂದುಕೊಂಡಷ್ಟು ಇಳಿದಿಲ್ಲವೆಂದು ಓಟು ಹಾಕಿದವರು ಗೊಣಗುತ್ತಿದ್ದಾರೆ ಎಂದು ತಂದೆ ಬರೆದ. ಎಲ್ಲಿಂದ ಇಳಿಯಬೇಕು? ಎಷ್ಟು ಇಳಿದರೆ ಸಾಕು ಎಂದು ಆ ಗೊಣಗುವವರಿಗೇ ಗೊತ್ತಿರಲಿಲ್ಲ, ಗೊತ್ತು ಮಾಡಿಸುವ ಕೆಲಸಕ್ಕೆ ಯಾವ ನಾಯಕನೂ ಹೋಗಲಿಲ್ಲ. ನಾನು ಕುಣಿಗಲ್ ಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುತ್ತಾ ನಿಂತು, ಮುಖ ನೋಡದ ಆ ಜನರಿಗೆ ಒಬ್ಬಳೇ ಬಯ್ಯುತ್ತಿದ್ದೆ. ಆಚೀಚೆಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಎಂಬತ್ತೇಳರ ಮೊದಲಲ್ಲಿ ತಂದೆಯ ಕಾಗದ ಬಂತು. ಹೊಸ ರಕ್ತಪರೀಕ್ಷೆ ಬಂದಿದೆ, ಯಾರ ಮಗು ಯಾರದೆಂದು ಅನುಮಾನವಿಲ್ಲದೆ ಹೇಳುತ್ತದೆ, ಅವರ ಸರ್ಕಾರವೂ ಒಪ್ಪುತ್ತದೆ ಎಂದು ಬರೆದಿದ್ದ. ನಾವು ತುಮಕೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ತಾಯಿ, ಮಗ, ಇಬ್ಬರ ಫೋಟೋ. ಫೋಟೋದಲ್ಲಿರುವವರು ಇವರೇ ಎಂದು ಅವರನ್ನು ಬಲ್ಲವರೊಬ್ಬರು ಸಹಿ ಹಾಕಬೇಕಿತ್ತು. ನಾನು ಪೆನ್ನು ತೆಗೆದು ಹಾಗೇ ನಿಂತೆ. ನನ್ನ ಸಹಿ ಕಂಡರೆ ಮತ್ತೆಲ್ಲಿ ತಿರಸ್ಕರಿಸುತ್ತಾರೋ ಎಂಬ ಹೆದರಿಕೆ. ಡಾಕ್ಟರೇ ಸಹಿ ಹಾಕಿದರು. ರಕ್ತ ತೆಗೆದು, ಸೀಸೆಗೆ ಅರಗಿನ ಮುದ್ರೆ ಒತ್ತಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಅವತ್ತೇ ಬೆಂಗಳೂರಿಗೆ, ಅಲ್ಲಿಂದ ಇಂಗ್ಲೆಂಡಿಗೆ ಕಳಿಸಿದರು. ತಂದೆಯ ರಕ್ತವನ್ನು ಅಲ್ಲೇ ತೆಗೆದುಕೊಂಡರಂತೆ. ಚಿಕ್ಕವನು ಆಗ ಪಿಯುಸಿ ಮುಗಿಸುತ್ತಿದ್ದ. ನಿಜವಾದ ವಯಸ್ಸು ಹದಿನಾರು.

ಉತ್ತರ ಬಂದದ್ದು ಆಗಸ್ಟಿನಲ್ಲಿ. ನಾನು ಕುಣಿಗಲ್‌ನಿಂದ ರಜೆ ಹಾಕಿ ಹಳ್ಳಿಗೆ ಹೋದೆ. ಚಿಕ್ಕವನು ಅಷ್ಟರಲ್ಲೇ ಓದಿ ಮುಗಿಸಿದ್ದ, ಅವನಿಗೆ ಈಗ ಇಂಗ್ಲಿಷ್ ಬರುತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟು ಕಂಬಕ್ಕೆ ಒರಗಿ ನಿಂತ.

ಓದಿದೆ. ಎರಡನೇ ಸಲವೂ ಓದಿದೆ.

"ಏನಂತವ್ರೆ ಟೀಚರಮ್ಮ? ಇವ್ನು ನನ್ ಮಗ ಅಂತ ಒಪ್ಕೊಂಡ್ರಾ?"

"ಒಪ್ಕೊಂಡಿದಾರೆ ಕಣಮ್ಮ. ನಿಮಗೂ ಅವ್ರಿಗೂ ಹುಟ್ಟಿದ್ ಮಗ ಅನ್ನೋದ್ರಲ್ಲಿ ಅನುಮಾನವೇ ಇಲ್ವಂತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾರೆ ಯಾವತ್ ಹೊರಡೋದು?" ಅಂದಳು.

ಚಿಕ್ಕವನೇ ಹೇಳಿದ. "ಇಲ್ಲ ಕಣವ್ವ. ನಂಗೆ ಹದಿನೆಂಟು ತುಂಬೋಯ್ತಂತೆ. ದೊಡ್ಡೋನಾದ್ ಮ್ಯಾಕೆ ಅಪ್ಪನ ಜೊತೆ ಇರಂಗಿಲ್ವಂತೆ."

"ಎಲ್ಲಿ ಹದಿನೆಂಟು? ಈ ರಾಗಿ ಕುಯ್ಲಿಗೆ ಹದಿನೇಳು."

"ಶಾಲೆ ದಾಖಲೆ ಪ್ರಕಾರ ಜೂನ್ ಒಂದಕ್ಕೆ ತುಂಬ್ತಂತೆ."

ಆ ತಾರೀಕಿಗೆ ಇವಳು ಹೆತ್ತಿರಲು ಸಾಧ್ಯವೇ ಇಲ್ಲ ಎಂದು ಎಂಟು ವರ್ಷ ಹೇಳಿದವರು ಅವರೇ. ರಕ್ತ ಬಂದು ಅವರ ಬಾಯಿ ಮುಚ್ಚಿಸಿದ ಮೇಲೆ, ಅದೇ ತಾರೀಕನ್ನು ಫೈಲಿನಿಂದ ಹುಡುಕಿ ತೆಗೆದು, ಧೂಳು ಕೊಡವಿ ನಮ್ಮ ಮುಂದೆ ಇಟ್ಟಿದ್ದರು. ಸುಳ್ಳು ಎಂದು ನಾನು ಪ್ರಮಾಣ ಮಾಡಿದ್ದ ಕಾಗದವೂ ಅದೇ ಫೈಲಿನಲ್ಲಿತ್ತು, ನವೆಂಬರಿನ ಜನನ ನಕಲೂ ಇತ್ತು. ಇಷ್ಟು ವರ್ಷ ಕಾಯಿಸಿದವರೂ ಅವರೇ, ಕಾಯ್ದದ್ದಕ್ಕೆ ವಯಸ್ಸಾಯಿತು ಅಂದವರೂ ಅವರೇ.

ತಾಯಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿಟ್ಟಳು. ಆಮೇಲೆ, "ನಂದೇ ತಪ್ಪು ಬುಡಿ ಟೀಚರಮ್ಮ. ಅವತ್ತು ಇವ್ನ ಇಸ್ಕೂಲಿಗೆ ಕರ್ಕೊಂಡ್ ಬರ್ಬಾರ್ದಾಗಿತ್ತು" ಅಂದಳು.

"ಮಕ್ಳನ್ನ ಇಸ್ಕೂಲಿಗೆ ಸೇರ್ಸಿದ್ದು ತಪ್ಪಾ? ಆ ಮಾತ್ ಇನ್ನೊಂದ್ ಸಲ ಆಡಿದ್ರೆ ನಾನ್ ನಿಮ್ ಮನೆ ಹೊಸ್ಲು ತುಳಿಯಲ್ಲ ನೋಡಿ" ಎಂದು ಕೂಗಿಬಿಟ್ಟೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಚಿಕ್ಕವನಿಗೆ ಕಾಗದ ಪೆನ್ನು ತರಲು ಹೇಳಿ, ಜಗಲಿಯ ಮೇಲೆ ಅಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದೆ. ಮುಂಚಿನ ಹಾಗೆ ಕ್ರಮಸಂಖ್ಯೆ, ಉಲ್ಲೇಖ, ವಿನಂತಿ ಯಾವುದನ್ನೂ ಹಾಕಲಿಲ್ಲ. ಸಂಖ್ಯೆ ಇಳಿಸುತ್ತೇವೆಂದು ನಿಮ್ಮ ಮತದಾರರಿಗೆ ಮಾತು ಕೊಟ್ಟಿದ್ದಿರಿ, ಒಂದು ಇಳಿದಿದೆ, ಅವರಿಗೆ ತಿಳಿಸಿ, ತಿಳಿಸುವಾಗ ಹುಡುಗನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಹೇಳಿ ಎಂದು ಬರೆದೆ. ಇಬ್ಬರ ಹೆಸರನ್ನೂ ಪೂರ್ತಿಯಾಗಿ, ಬಿಡಿಸಿ ಬರೆದೆ.

ಚಿಕ್ಕವನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ನನ್ನ ಮೊಣಕೈ ಹಿಡಿದಳು.

"ಚೆನ್ನಾಗ್ ಬರ್ದಿದೀರಿ. ಆದ್ರೆ ಹಾಕ್ಬ್ಯಾಡಿ ಟೀಚರಮ್ಮ. ದೊಡ್ಡೋನು ಅಲ್ಲಿ ಅವ್ರ ಕೈಲಿ ಅವ್ನೆ."